ಯಾವ ಇರುವೆಗೆ ಯಾವ ಔಷಧಿ: ಒಂದು ವರ್ಷದ ಖರ್ಚಿನ ನಂತರ ಬರೆದ ವಿಮರ್ಶೆ

ಕಳೆದ ಯುಗಾದಿಯಿಂದ ಈ ಯುಗಾದಿಯವರೆಗೆ ನಮ್ಮ ಮನೆಯಲ್ಲಿ ಇರುವೆಗಳಿಗೆಂದು ಖರ್ಚಾದ ಹಣ 2,395 ರೂಪಾಯಿ. ಅಂಗಡಿಯ ಚೀಟಿಗಳನ್ನೆಲ್ಲ ಎದುರಿಗಿಟ್ಟುಕೊಂಡು ಕೂಡಿದಾಗ ಈ ಮೊತ್ತ ಬಂದಿತು. ಎರಡು ಡಬ್ಬಿ ಸ್ಪ್ರೇಗೆ 440, ಮೂರು ಪೊಟ್ಟಣ ಇರುವೆ ಚಾಕ್‌ಗೆ 75, ಬೋರಿಕ್ ಪುಡಿಗೆ 60, ಜೆಲ್ ತುಂಬಿದ ಒಂದು ಸಿರಿಂಜಿಗೆ 320, ಮನೆಗೆ ಬಂದು ಔಷಧಿ ಹೊಡೆದು ಹೋದ ಸಂಸ್ಥೆಗೆ 1,500. ಇವುಗಳಲ್ಲಿ ಕೊಟ್ಟ ಹಣಕ್ಕೆ ತಕ್ಕ ಕೆಲಸ ಮಾಡಿದ್ದು ಬೋರಿಕ್ ಪುಡಿ ಮತ್ತು ಜೆಲ್ ಮಾತ್ರ, ಅಂದರೆ 380 ರೂಪಾಯಿಯ ಸಾಮಾನು. ಉಳಿದ ಎರಡು ಸಾವಿರ ರೂಪಾಯಿ ನೀರಿನಲ್ಲಿ ಹೋಮ ಮಾಡಿದಂತಾಯಿತು. ಹಾಗೆಂದು ಆ ಸಾಮಾನುಗಳೆಲ್ಲ ಕಳಪೆಯೆಂದು ನಾನು ಹೇಳುವುದಿಲ್ಲ. ಮನೆಯೊಳಗೆ ಬಂದಿರುವುದು ಯಾವ ಇರುವೆ ಎಂದು ನೋಡುವ ಮೊದಲೇ ಅವನ್ನು ಕೊಂಡು ತಂದದ್ದು ನನ್ನ ತಪ್ಪು. ಅಂಗಡಿಯವರೂ ಕೇಳಲಿಲ್ಲ. ‘ಇರುವೆ ಔಷಧಿ ಕೊಡಿ’ ಎಂದರೆ ಕೈಗೆ ಸಿಕ್ಕ ಡಬ್ಬಿಯನ್ನು ತೆಗೆದು ಕೊಡುವುದೇ ಎಲ್ಲ ಕಡೆಯ ರೂಢಿ.

ನಾವಿರುವುದು ಮೈಸೂರಿನಲ್ಲಿ, ಸುಮಾರು ಮೂವತ್ತು ವರ್ಷ ಹಳೆಯದಾದ ಮನೆಯೊಂದರ ಮಹಡಿಯಲ್ಲಿ. ಕಿಟಕಿಯ ಚೌಕಟ್ಟುಗಳ ಸುತ್ತ ಗಾರೆ ಬಿರುಕು ಬಿಟ್ಟಿದೆ, ಬಾಲ್ಕನಿಯಲ್ಲಿ ಎಂಟು ಹೂವಿನ ಕುಂಡಗಳಿವೆ, ಕಾಂಪೌಂಡಿನ ಮಾವಿನ ಮರದ ಒಂದು ಕೊಂಬೆ ಸಜ್ಜಾದ ಮೇಲೆಯೇ ಚಾಚಿಕೊಂಡಿದೆ. ಮನೆಯಲ್ಲಿ ಅತ್ತೆಯವರು, ನಾವಿಬ್ಬರು ಮತ್ತು ಮೂರು ವರ್ಷದ ಮಗಳು ಇದ್ದೇವೆ. ಕೆಳಗಿನ ಮನೆಯವರ ಬೆಕ್ಕು ದಿನಕ್ಕೆರಡು ಬಾರಿ ನಮ್ಮ ಅಡುಗೆಮನೆಯನ್ನು ತಪಾಸಣೆ ಮಾಡಿ ಹೋಗುತ್ತದೆ. ಈ ವಿವರಗಳನ್ನು ಹೇಳಲು ಕಾರಣವಿದೆ. ಮಗುವಾಗಲಿ ಬೆಕ್ಕಾಗಲಿ ಇಲ್ಲದ ಮನೆಯಲ್ಲಿ ಇವೇ ಸಾಮಾನುಗಳ ಬಗೆಗಿನ ತೀರ್ಮಾನ ಸ್ವಲ್ಪ ಬೇರೆಯಾಗಬಹುದು.

ಭಾರತದಲ್ಲಿ ಗುರುತಿಸಲಾದ ಇರುವೆಯ ಬಗೆಗಳು 800ಕ್ಕೂ ಹೆಚ್ಚು. ನಮ್ಮ ಮಾತಿನಲ್ಲಿ ಅವುಗಳಿಗೆ ಇರುವ ಹೆಸರುಗಳು ಬೆರಳೆಣಿಕೆಯಷ್ಟು: ಸಣ್ಣಿರುವೆ, ಕೆಂಪಿರುವೆ, ಕಪ್ಪಿರುವೆ, ಗೊದ್ದ, ಮರದ ಮೇಲಿನ ಕೆಂಜಿಗ. ಅದೃಷ್ಟಕ್ಕೆ ಮನೆಯೊಳಗೆ ಸಂಸಾರ ಹೂಡುವ ಬಗೆಗಳೂ ಕೆಲವೇ ಆಗಿರುವುದರಿಂದ, ಒಂದು ಬಿಳಿ ಹಾಳೆ, ಒಂದು ಟಾರ್ಚ್ ಮತ್ತು ಮೊಬೈಲಿನ ಕ್ಯಾಮೆರಾ ಇದ್ದರೆ ಹತ್ತು ನಿಮಿಷದಲ್ಲಿ ಗುರುತು ಹಿಡಿಯಬಹುದು. ಇರುವೆಗಳ ಸಾಲಿಗೆ ಅಡ್ಡಲಾಗಿ ಹಾಳೆಯನ್ನು ಇಟ್ಟು, ಅವು ಅದರ ಮೇಲೆ ಹತ್ತಿದ ಬಳಿಕ ಓರೆಯಾಗಿ ಬೆಳಕು ಬಿಟ್ಟು ಫೋಟೋ ತೆಗೆದು, ಅದನ್ನು ದೊಡ್ಡದು ಮಾಡಿ ನೋಡಬೇಕು. ಹಾಗೆ ನೋಡಿದಾಗ, ಅತ್ತೆಯವರೂ ನಾನೂ ಇಷ್ಟು ದಿನ ‘ಸಣ್ಣಿರುವೆ’ ಎಂದು ಒಂದೇ ಹೆಸರಿನಿಂದ ಬಯ್ಯುತ್ತಿದ್ದದ್ದು ಎರಡು ಬೇರೆ ಬೇರೆ ಜಾತಿಗಳೆಂದು ತಿಳಿಯಿತು.

ಮೊದಲನೆಯದು ಬಚ್ಚಲುಮನೆಯ ಹಲ್ಲುಜ್ಜುವ ಬ್ರಷ್‌ಗಳ ಮೇಲೆ, ಸಿಂಕಿನ ಅಂಚಿನಲ್ಲಿ, ನೀರಿನ ಫಿಲ್ಟರಿನ ನಲ್ಲಿಯ ಕೆಳಗೆ ಓಡಾಡುತ್ತಿದ್ದ ಇರುವೆ. ಉದ್ದ ಒಂದೂವರೆ ಮಿಲಿಮೀಟರ್ ಆಸುಪಾಸು, ಅಂದರೆ ಎಳ್ಳಿನ ಕಾಳಿನ ಅರ್ಧದಷ್ಟು. ತಲೆ ಮತ್ತು ಎದೆಯ ಭಾಗ ಕಪ್ಪುಗಂದು, ಹೊಟ್ಟೆ ಮತ್ತು ಕಾಲುಗಳು ಗಂಜಿಯ ತಿಳಿಯಂತೆ ಹೆಚ್ಚು ಕಡಿಮೆ ಪಾರದರ್ಶಕ. ಬಿಳಿ ಟೈಲ್ಸಿನ ಮೇಲೆ ಇದು ನಡೆಯುವಾಗ ಬರಿಯ ತಲೆಯೊಂದೇ ಚುಕ್ಕೆಯಾಗಿ ಚಲಿಸಿದಂತೆ ಕಾಣುವುದರಿಂದ ಇದಕ್ಕೆ ಘೋಸ್ಟ್ ಆಂಟ್ ಎಂಬ ಹೆಸರು ಬಂದಿದೆ. ಶಾಸ್ತ್ರೀಯ ಹೆಸರು ಟ್ಯಾಪಿನೋಮಾ ಮೆಲನೋಸೆಫಲಮ್. ಆ ಎರಡನೆಯ ಪದದ ಅರ್ಥವೇ ಕಪ್ಪು ತಲೆಯದು ಎಂದು. ಒಂದನ್ನು ಬೆರಳುಗಳ ನಡುವೆ ಹೊಸಕಿ ಮೂಸಿದರೆ ಕೆಟ್ಟ ಕೊಬ್ಬರಿಯ ಮುಗ್ಗಲು ವಾಸನೆ ಬರುತ್ತದೆ. ಫೋಟೋದಲ್ಲಿ ಸಂದೇಹ ಉಳಿದರೂ ಈ ವಾಸನೆಯಲ್ಲಿ ಉಳಿಯುವುದಿಲ್ಲ.

ಎರಡನೆಯದು ಒಲೆಯ ಹಿಂದಿನ ಗೋಡೆಯಲ್ಲಿ, ಶೇಂಗಾ ಚಟ್ನಿಪುಡಿಯ ಡಬ್ಬಿಯಲ್ಲಿ ಮತ್ತು ತುಪ್ಪದ ಪಾತ್ರೆಯ ಕಂಠದಲ್ಲಿ ಸಿಗುತ್ತಿದ್ದದ್ದು. ಎರಡು ಮಿಲಿಮೀಟರ್ ಉದ್ದ, ಮೈಯೆಲ್ಲ ಜೇನಿನ ಹಳದಿ, ಹೊಟ್ಟೆಯ ತುದಿ ಮಾತ್ರ ಕಪ್ಪಗೆ. ಇದು ಫೇರೋ ಇರುವೆ, ಮೊನೊಮೋರಿಯಮ್ ಫರಾವೋನಿಸ್. 1758ರಲ್ಲಿಯೇ ಸ್ವೀಡನ್ನಿನ ಜೀವವಿಜ್ಞಾನಿ ಲಿನ್ನೇಯಸ್ ಹೆಸರಿಟ್ಟ ಈ ಜೀವಿ ಇಂದು ಪ್ರಪಂಚದ ಬಹುಪಾಲು ದೇಶಗಳ ಆಸ್ಪತ್ರೆಗಳಿಗೂ ಹೋಟೆಲುಗಳಿಗೂ ತಲೆನೋವಾಗಿದೆ. ಇವೆರಡರಲ್ಲಿ ಸಾಮಾನ್ಯವಾದ ಒಂದು ಗುಣವಿದ್ದು, ನನ್ನ ಹಣ ಹಾಳಾದದ್ದಕ್ಕೆ ಮೂಲ ಕಾರಣ ಅದೇ: ಇವುಗಳ ಗೂಡಿನಲ್ಲಿ ರಾಣಿ ಒಂದೇ ಇರುವುದಿಲ್ಲ, ಹತ್ತಾರು ಇರುತ್ತವೆ.

ಕೊಂಡವುಗಳಲ್ಲಿ ಸ್ಪ್ರೇ ಮೊದಲನೆಯದು. ಸಿಂಕಿನ ಪಕ್ಕದ ಸಾಲಿನ ಮೇಲೆ ಒಮ್ಮೆ ಒತ್ತಿದೆ. ಎರಡು ಸೆಕೆಂಡಿನಲ್ಲಿ ಸಾಲು ನಿಂತಲ್ಲೇ ನಿಂತಿತು, ನೂರಾರು ಇರುವೆಗಳು ಮುದುಡಿಕೊಂಡವು, ನಾನು ಒದ್ದೆ ಬಟ್ಟೆಯಿಂದ ಒರೆಸಿ ಗೆದ್ದವಳಂತೆ ಬೀಗಿದೆ. ಐದನೆಯ ದಿನಕ್ಕೆ ಅಡುಗೆಮನೆಯ ಸಾಲು ಮಾಯವಾಗಿ, ಬಚ್ಚಲುಮನೆಯಲ್ಲಿ ಒಂದು, ದೇವರ ಮನೆಯ ಹಲಗೆಯ ಕೆಳಗೆ ಒಂದು, ಮಲಗುವ ಕೋಣೆಯ ಸ್ವಿಚ್‌ಬೋರ್ಡಿನ ಬಳಿ ಒಂದು ಹೀಗೆ ಮೂರು ಸಾಲುಗಳು ಕಾಣಿಸಿಕೊಂಡವು. ಇನ್ನೂ ಒಂದು ಡಬ್ಬಿ ತಂದು ಅವುಗಳ ಮೇಲೂ ಹೊಡೆದದ್ದು ನನ್ನ ಎರಡನೆಯ ತಪ್ಪು. ಈ ಸ್ಪ್ರೇಗಳಲ್ಲಿರುವುದು ಪೈರೆಥ್ರಾಯ್ಡ್ ಗುಂಪಿನ ಸೈಪರ್‌ಮೆಥ್ರಿನ್, ಇಮಿಪ್ರೋಥ್ರಿನ್ ಮುಂತಾದ ವಿಷಗಳು. ಮೈಗೆ ತಾಗಿದ ಇರುವೆಯನ್ನು ಅವು ಕೂಡಲೇ ಕೊಲ್ಲುತ್ತವೆ ನಿಜ. ಆದರೆ ಹೊರಗೆ ಆಹಾರಕ್ಕೆ ಬಂದಿರುವುದು ಗೂಡಿನ ಒಂದು ಚಿಕ್ಕ ಪಾಲು ಮಾತ್ರ. ಮೊಟ್ಟೆ, ಮರಿಹುಳು, ರಾಣಿಗಳೆಲ್ಲ ಗೋಡೆಯ ಸಂದಿನಲ್ಲಿ ಕ್ಷೇಮವಾಗಿರುತ್ತವೆ. ವಿಷದ ಸೋಂಕು ತಿಳಿದ ಗೂಡು, ಜೇನು ಕುಟುಂಬ ಪಾಲಾಗುವ ಹಾಗೆ ಒಡೆದು, ಒಂದೊಂದು ತುಂಡೂ ಕೆಲವು ರಾಣಿಗಳನ್ನೂ ಒಂದಿಷ್ಟು ಮರಿಗಳನ್ನೂ ಹೊತ್ತುಕೊಂಡು ಬೇರೆ ಬೇರೆ ಸಂದುಗಳಿಗೆ ಹೊರಟುಹೋಗುತ್ತದೆ. ಜೇನು ಪಾಲಾಗುವಾಗ ಹಾರಿ ಹೋಗುತ್ತದೆ, ಇವು ನಡೆದು ಹೋಗುತ್ತವೆ, ವ್ಯತ್ಯಾಸ ಅಷ್ಟೇ. ಫೇರೋ ಇರುವೆಗೆ ಸ್ಪ್ರೇ ಹೊಡೆಯುವುದೆಂದರೆ, ಇರುವ ಒಂದು ಸಂಸಾರವನ್ನು ನಾಲ್ಕು ಮಾಡಿ ಹಂಚುವುದೆಂದೇ ಅರ್ಥ. ಹೊರಗಿನಿಂದ ದಾರಿ ತಪ್ಪಿ ಬಂದ ಒಂದೆರಡು ಗೊದ್ದಗಳಿಗೋ, ಮಗು ಮಲಗುವ ಜಾಗಕ್ಕೆ ಕಚ್ಚುವ ಕೆಂಪಿರುವೆ ಬಂದಾಗಿನ ತುರ್ತಿಗೋ ಈ ಡಬ್ಬಿ ಸರಿ; ಅಡುಗೆಮನೆಯ ಸಣ್ಣಿರುವೆಗೆ ನಾನಿದನ್ನು ಯಾರಿಗೂ ಶಿಫಾರಸು ಮಾಡಲಾರೆ.

ಇರುವೆ ಚಾಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇದರಲ್ಲಿರುವುದೂ ಡೆಲ್ಟಾಮೆಥ್ರಿನ್‌ನಂತಹ ಅದೇ ಗುಂಪಿನ ವಿಷ. ಗೆರೆ ಎಳೆದ ಮೊದಲ ದಿನ ಇರುವೆಗಳು ಅದರವರೆಗೆ ಬಂದು, ಮೀಸೆ ಆಡಿಸಿ, ಹಿಂದಿರುಗುವುದನ್ನು ನೋಡಲು ಚೆಂದ. ನೆಲ ಒರೆಸಿದ ಮರುದಿನ ಗೆರೆಯೂ ಇಲ್ಲ, ಅದರ ಪ್ರಭಾವವೂ ಇಲ್ಲ. ಇವೆಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಬೇರೆ. ಒಂದು ಮಧ್ಯಾಹ್ನ ಬಟ್ಟೆ ಒಣಹಾಕಿ ಒಳಗೆ ಬಂದಾಗ, ಕಪಾಟಿನ ಕೆಳಗೆ ಬಿಟ್ಟಿದ್ದ ಚಾಕಿನ ತುಂಡನ್ನು ಹಿಡಿದು ಮಗಳು ನೆಲದ ಮೇಲೆ ಅಜ್ಜಿಯ ರಂಗೋಲಿಯನ್ನು ಅನುಕರಿಸುತ್ತಾ ಕುಳಿತಿದ್ದಳು. ಕೈ, ಫ್ರಾಕು, ಮೂಗಿನ ತುದಿ ಎಲ್ಲವೂ ಬೆಳ್ಳಗಾಗಿದ್ದವು. ಸೋಪು ಹಾಕಿ ಕೈಮುಖ ತೊಳೆಸಿ, ಬಟ್ಟೆ ಬದಲಾಯಿಸಿ, ಪೊಟ್ಟಣದ ಮೇಲಿನ ಸೂಚನೆಯನ್ನು ಓದಿ ವೈದ್ಯರಿಗೆ ಫೋನ್ ಮಾಡಿ ಕೇಳಿದ್ದಾಯಿತು, ಏನೂ ಆಗಲಿಲ್ಲ. ಬರೆಯುವ ಬಳಪದ ಆಕಾರದಲ್ಲಿಯೇ ವಿಷವನ್ನು ತಯಾರಿಸಿ, ಮಕ್ಕಳಿರುವ ಮನೆಗೆ ಮಾರುವ ಈ ಪದ್ಧತಿ ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ. ಈ ಗುಂಪಿನ ವಿಷಗಳನ್ನು ಬೆಕ್ಕಿನ ದೇಹ ಸುಲಭವಾಗಿ ಕರಗಿಸಿಕೊಳ್ಳಲಾರದು ಎಂಬುದೂ ನೆನಪಿನಲ್ಲಿರಬೇಕಾದ ಸಂಗತಿ. ಉಳಿದ ಎರಡು ಪೊಟ್ಟಣಗಳನ್ನು ಅಂದೇ ಸುತ್ತಿ ಅಟ್ಟದ ಮೇಲೆ ಹಾಕಿದೆ.

ಅತ್ತೆಯವರು ‘ಗಮಾಕ್ಸಿನ್ ಪುಡಿ ಉದುರಿಸು, ನಮ್ಮ ಕಾಲದಲ್ಲಿ ಅದರಲ್ಲೇ ಹೋಗುತ್ತಿತ್ತು’ ಎಂದು ಹೇಳಿದ್ದರು. ಅವರು ಹೇಳಿದ ಪುಡಿ ಬಿಎಚ್‌ಸಿ, ಅಂದರೆ ಬೆಂಜೀನ್ ಹೆಕ್ಸಾಕ್ಲೋರೈಡ್ ಎಂಬ ಹಳೆಯ ಕೀಟನಾಶಕ. ಭಾರತದಲ್ಲಿ 1997ರಲ್ಲಿಯೇ ಅದಕ್ಕೆ ನಿಷೇಧ ಬಂದಿದೆ. ಆದರೂ ಹಳೆಯ ಹೆಸರು ಹೋಗಿಲ್ಲ. ಹೆಸರು, ನೋಂದಣಿ ಸಂಖ್ಯೆ ಯಾವುದೂ ಇಲ್ಲದ ಪ್ಲಾಸ್ಟಿಕ್ ಚೀಲದಲ್ಲಿ ಬಿಳಿ ಪುಡಿಯನ್ನು ಕಟ್ಟಿಕೊಟ್ಟು ಅದನ್ನೇ ‘ಗಮಾಕ್ಸಿನ್’ ಎಂದು ಹೇಳುವವರು ಸಂತೆಯಲ್ಲಿ ಸಿಗುತ್ತಾರೆ. ಅಂಥದ್ದನ್ನು ನಾನು ಕೊಳ್ಳಲಿಲ್ಲ.

ಬೋರಿಕ್ ಪುಡಿಯ ಉಪಾಯಕ್ಕೆ ಬಂದದ್ದು ಇವೆಲ್ಲ ಸೋತ ಮೇಲೆ. ಕೇರಂ ಬೋರ್ಡಿಗೆ ಉದುರಿಸುವ ಪುಡಿ ಎಂದು ನಮಗೆಲ್ಲ ಪರಿಚಿತವಾದದ್ದೇ ಇದು. ಆದರೆ ಈಗ ಆ ಹೆಸರಿನಲ್ಲಿ ಮಾರುವ ಎಲ್ಲವೂ ಬೋರಿಕ್ ಆಗಿರುವುದಿಲ್ಲವಾದ್ದರಿಂದ ಡಬ್ಬಿಯ ಮೇಲೆ ಬೋರಿಕ್ ಆಸಿಡ್ ಎಂದು ಬರೆದಿರುವುದನ್ನು ಓದಿಯೇ ಕೊಳ್ಳಬೇಕು. ನಾನು ಔಷಧಿ ಅಂಗಡಿಯಿಂದ ತಂದೆ. ಇದನ್ನು ಬಳಸುವ ಮೊದಲು ಇರುವೆಗಳಿಗೆ ಏನು ಬೇಕೆಂದು ಕೇಳಿಕೊಳ್ಳುವುದು ಒಳ್ಳೆಯದು. ಹಳೆಯ ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ಒಂದು ತುದಿಗೆ ಬೆಲ್ಲದ ಪಾಕದ ಹನಿ, ಇನ್ನೊಂದು ತುದಿಗೆ ತುಪ್ಪದಲ್ಲಿ ಕಲಸಿದ ಶೇಂಗಾ ಪುಡಿಯ ಚಿಟಿಕೆ ಇಟ್ಟು, ರಾತ್ರಿ ಒಂಬತ್ತಕ್ಕೆ ಒಂದನ್ನು ಸಿಂಕಿನ ಪಕ್ಕ, ಅಂಥದ್ದೇ ಇನ್ನೊಂದನ್ನು ಒಲೆಯ ಪಕ್ಕ ಇಟ್ಟೆ. ಹತ್ತೂವರೆಗೆ ನೋಡಿದರೆ ಸಿಂಕಿನ ಬಳಿಯ ಪತ್ರಿಕೆಯಲ್ಲಿ ಕಪ್ಪು ತಲೆಯವು ಬೆಲ್ಲದ ಹನಿಯ ಸುತ್ತ ಉಂಗುರ ಕಟ್ಟಿದ್ದವು, ತುಪ್ಪದ ಕಡೆ ಒಂದೂ ಇರಲಿಲ್ಲ. ಒಲೆಯ ಬಳಿಯ ಪತ್ರಿಕೆಯಲ್ಲಿ ಹಳದಿ ಇರುವೆಗಳು ಬೆಲ್ಲವನ್ನು ಅಷ್ಟಿಷ್ಟು ಮೂಸಿ, ಶೇಂಗಾ ಪುಡಿಯನ್ನು ಕಣಕಣವಾಗಿ ಹೊರುತ್ತಿದ್ದವು. ಒಂದೇ ಅಡುಗೆಮನೆಯಲ್ಲಿ ಎರಡು ಪಂಕ್ತಿ, ಎರಡು ಬಗೆಯ ಊಟ.

ಕಪ್ಪು ತಲೆಯವಕ್ಕೆ ಮಾಡಿದ ಪಾಕದ ಅಳತೆ ಹೀಗಿದೆ: 200 ಮಿಲಿಲೀಟರ್ ಬಿಸಿನೀರಿಗೆ ಐದು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಬೋರಿಕ್ ಪುಡಿ. ಸಕ್ಕರೆ ಸುಮಾರು ಶೇ. 10, ಬೋರಿಕ್ ಸುಮಾರು ಶೇ. 1 ಆಗುತ್ತದೆ. ಮೊದಲ ಸಲ ನಾನು ಆತುರಪಟ್ಟು ಮೂರು ಚಮಚ ಪುಡಿ ಸುರಿದಿದ್ದೆ. ಸಂಜೆಯ ಹೊತ್ತಿಗೆ ಮುಚ್ಚಳದ ಸುತ್ತ ಸತ್ತ ಇರುವೆಗಳು ಬಿದ್ದಿದ್ದವು, ಉಳಿದವು ಅತ್ತ ಸುಳಿಯಲಿಲ್ಲ. ಈ ಉಪಾಯದ ಜೀವಾಳವೇ ನಿಧಾನ. ಬೆಳೆದ ಇರುವೆ ಗಟ್ಟಿ ಪದಾರ್ಥವನ್ನು ನುಂಗಲಾರದು, ದ್ರವವನ್ನಷ್ಟೇ ಕುಡಿಯುತ್ತದೆ. ಕುಡಿದದ್ದನ್ನು ಗೂಡಿಗೆ ಒಯ್ದು ಬಾಯಿಯಿಂದ ಬಾಯಿಗೆ ಹಂಚುತ್ತದೆ, ಹಾಗೆ ಹಂಚಿದ್ದು ಕೊನೆಗೆ ಮರಿಗಳನ್ನೂ ರಾಣಿಗಳನ್ನೂ ತಲುಪುತ್ತದೆ. ದಾರಿಯಲ್ಲೇ ಸತ್ತ ಇರುವೆಯಿಂದ ನಮಗೆ ಯಾವ ಉಪಯೋಗವೂ ಇಲ್ಲ. ಅದು ಬದುಕಿ ಮನೆ ಸೇರಬೇಕು.

ಎರಡನೆಯ ಸಲದ ಪಾಕಕ್ಕೆ ಎರಡು ಹನಿ ಬೀಟ್‌ರೂಟ್ ರಸ ಸೇರಿಸಿದೆ. ನೀರಿನ ಬಾಟಲಿಯ ಮುಚ್ಚಳದಲ್ಲಿ ಹತ್ತಿ ಇಟ್ಟು, ಅದು ನೆನೆಯುವಷ್ಟು ಪಾಕ ಹಾಕಿ, ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿ ಸಿಂಕಿನ ಹಿಂದೆ ಇರಿಸಿ, ಅರ್ಧ ಗಂಟೆಯ ನಂತರ ಟಾರ್ಚ್ ಹಿಡಿದು ನೋಡಿದೆ. ಆ ಇರುವೆಯ ಹೊಟ್ಟೆ ಗಾಜಿನಂತಿರುವುದರಿಂದ, ಕುಡಿದು ಹೊರಟ ಒಂದೊಂದರ ಹಿಂಭಾಗವೂ ದಾಳಿಂಬೆಯ ಕಾಳಿನ ಬಣ್ಣಕ್ಕೆ ತಿರುಗಿ ಉಬ್ಬಿಕೊಂಡಿತ್ತು. ಆ ಕೆಂಪು ಚುಕ್ಕೆಗಳ ಹಿಂದೆಯೇ ಟಾರ್ಚ್ ಹಿಡಿದುಕೊಂಡು ಹೋದೆ. ಅರ್ಧದಷ್ಟು ಫಿಲ್ಟರಿನ ಪ್ಲಗ್ ಇರುವ ಸ್ವಿಚ್‌ಬೋರ್ಡಿನೊಳಗೆ ಇಳಿದವು. ಇನ್ನರ್ಧ ಕಿಟಕಿಯ ಬಿರುಕನ್ನು ದಾಟಿ, ಬಾಲ್ಕನಿಯ ದಾಸವಾಳದ ಕುಂಡದ ಬುಡ ಸೇರಿದವು. ಕುಂಡವನ್ನು ಎತ್ತಿ ನೋಡಿದಾಗ ತಟ್ಟೆಗೂ ಕುಂಡಕ್ಕೂ ನಡುವೆ ಬಿಳಿ ಮರಿಗಳ ರಾಶಿಯೇ ಇತ್ತು, ಗಿಡದ ಕುಡಿಗಳಿಗೆ ಹಿಟ್ಟು ತಿಗಣೆ ಹತ್ತಿತ್ತು. ಆ ತಿಗಣೆಗಳು ಸ್ರವಿಸುವ ಸಿಹಿ ಅಂಟನ್ನು ಕುಡಿದುಕೊಂಡು ಇರುವೆಗಳು ಅಲ್ಲಿ ಕಾಯಂ ಆಗಿ ನೆಲೆಸಿದ್ದವು. ನಾನು ವರ್ಷವಿಡೀ ಸಕ್ಕರೆ ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತಿದ್ದೆ. ಅವುಗಳ ಹಾಲುಕರೆಯುವ ಹಸು ಬಾಲ್ಕನಿಯಲ್ಲಿ ಇತ್ತು. ಹಿಟ್ಟು ತಿಗಣೆ ಹತ್ತಿದ ಕುಡಿಗಳನ್ನು ಕತ್ತರಿಸಿ, ಎಲೆಗಳನ್ನು ಸೋಪಿನ ನೀರಿನಲ್ಲಿ ತೊಳೆದು, ಕುಂಡವನ್ನು ಬಕೆಟಿನ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು, ಗಿಡವನ್ನು ಕಿಟಕಿಯಿಂದ ದೂರಕ್ಕೆ ಸರಿಸಿದೆವು.

ಪಾಕ ಇಟ್ಟ ಮೊದಲ ಎರಡು ದಿನ ಇರುವೆಗಳು ಕಡಿಮೆಯಾಗುವ ಬದಲು ಹೆಚ್ಚಾಗುತ್ತವೆ, ಅಕ್ಕಪಕ್ಕದವರಿಗೆಲ್ಲ ಊಟಕ್ಕೆ ಹೇಳಿಕಳಿಸಿದಂತೆ. ಆಗ ಧೈರ್ಯಗೆಟ್ಟು ಸ್ಪ್ರೇ ಎತ್ತಿಕೊಳ್ಳಬಾರದು, ಸಾಲನ್ನು ಒರೆಸಲೂ ಬಾರದು. ಅವುಗಳು ಬಿಟ್ಟ ವಾಸನೆಯ ದಾರಿಯಲ್ಲಿಯೇ ಉಳಿದವು ಬರಬೇಕು. ಪಾಕ ಹುಳಿಯುವುದರಿಂದ ಎರಡು ದಿನಕ್ಕೊಮ್ಮೆ ಹೊಸದನ್ನು ಹಾಕಬೇಕು. ನಮ್ಮಲ್ಲಿ ಒಂಬತ್ತನೆಯ ದಿನ ಸಾಲು ತೆಳ್ಳಗಾಯಿತು, ಮೂರನೆಯ ವಾರದ ಕೊನೆಗೆ ಬ್ರಷ್‌ಗಳ ಮೇಲೆ ಒಂದೂ ಉಳಿದಿರಲಿಲ್ಲ. ಬೋರಿಕ್ ಪುಡಿ ಅಗ್ಗವೆಂದ ಮಾತ್ರಕ್ಕೆ ನಿರುಪದ್ರವಿಯಲ್ಲ, ಮಗು ನುಂಗಿದರೆ ಅಪಾಯವೇ. ಅದಕ್ಕಾಗಿಯೇ ಮುಚ್ಚಿದ ಡಬ್ಬಿ, ಅದಕ್ಕೇ ಮೀಸಲಾದ ಚಮಚ, ಎತ್ತರದ ಜಾಗ.

ಹಳದಿ ಇರುವೆಗಳಿಗೆ ಸಿಹಿ ಪಾಕದಿಂದ ಅಷ್ಟಾಗಿ ಪ್ರಯೋಜನವಾಗಲಿಲ್ಲ. ತುಪ್ಪದಲ್ಲಿ ಕಲಸಿದ ಶೇಂಗಾ ಪುಡಿಗೆ ಒಂದು ಚಿಟಿಕೆ ಬೋರಿಕ್ ಸೇರಿಸಿ ಇಟ್ಟಾಗ ಒಯ್ದವು, ಆದರೆ ಬೇಸಗೆಯಲ್ಲಿ ಅದು ಎರಡೇ ದಿನದಲ್ಲಿ ಮುಗ್ಗಲು ಹಿಡಿಯುತ್ತಿತ್ತು. ಆಗ ಜೆಲ್ ಕೊಂಡೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಜಿರಳೆ ಜೆಲ್. ಅದರಲ್ಲಿ ಇಮಿಡಾಕ್ಲೋಪ್ರಿಡ್ ಶೇ. 2.15ರಷ್ಟು ಇರುತ್ತದೆ. ಇರುವೆಗೆಂದೇ ತಯಾರಾಗುವ ಜೆಲ್‌ಗಳಲ್ಲಿ ಅದೇ ವಿಷದ ಪ್ರಮಾಣ ಇದಕ್ಕಿಂತ ಬಹಳ ಕಡಿಮೆ. ಕಾರಣ ಮೇಲೆ ಹೇಳಿದ್ದೇ: ಜಿರಳೆಯನ್ನು ಕೊಲ್ಲುವ ಅಳತೆಯಲ್ಲಿ ಕೊಟ್ಟರೆ ಇರುವೆ ಗೂಡು ಸೇರುವ ಮೊದಲೇ ಸಾಯುತ್ತದೆ. ನಾನು ಇರುವೆಯ ಜೆಲ್ ಅನ್ನೇ ತರಿಸಿ, ಒಲೆಯ ಹಿಂದೆ, ಫ್ರಿಜ್ಜಿನ ಹಿಂಬದಿಯ ಬೆಚ್ಚನೆಯ ಮೂಲೆಯಲ್ಲಿ, ಸ್ವಿಚ್‌ಬೋರ್ಡಿನ ಹೊರ ಅಂಚಿನಲ್ಲಿ ಹೆಸರುಬೇಳೆಯ ಗಾತ್ರದ ಹನಿಗಳನ್ನು ಇಟ್ಟೆ. ಸಿರಿಂಜಿನ ಮೂತಿ ಚೂಪಾಗಿರುವುದರಿಂದ ಮಗಳ ಬೆರಳು ಹೋಗದ ಸಂದಿಗೂ ಔಷಧಿ ಹೋಗುತ್ತದೆ. ಸ್ಪ್ರೇಗಾಗಲಿ ಚಾಕ್‌ಗಾಗಲಿ ಇಲ್ಲದ ಸೌಕರ್ಯ ಇದು. ದೋಷವೂ ಇದೆ. ಒಲೆಯ ಕಾವಿಗೆ ಹನಿ ಎರಡನೆಯ ದಿನಕ್ಕೇ ಒಣಗಿ ಗೋಂದಿನಂತಾಗುತ್ತದೆ, ಒಣಗಿದ್ದನ್ನು ಇರುವೆ ಮುಟ್ಟುವುದಿಲ್ಲ. ಆ ಜಾಗದಲ್ಲಿ ಮೇಣದ ಕಾಗದದ ಚೂರಿನ ಮೇಲೆ ಹನಿ ಇಟ್ಟು ಬದಲಾಯಿಸುತ್ತಾ ಹೋಗುವುದು ಅನುಕೂಲ. ಫೇರೋ ಇರುವೆಯ ಮೊಟ್ಟೆ ಬೆಳೆದು ದುಡಿಯುವ ಇರುವೆಯಾಗಲು ಐದಾರು ವಾರ ಬೇಕಾಗುವುದರಿಂದ, ಸಾಲು ಕಾಣದಾದ ಮೇಲೂ ಎರಡು ತಿಂಗಳು ಹನಿ ಇಡುವುದನ್ನು ಬಿಡಲಿಲ್ಲ. ಚಟ್ನಿಪುಡಿಯ ಡಬ್ಬಿಯನ್ನು ಈಗ ತಟ್ಟೆಯ ನೀರಿಲ್ಲದೆ ಇಡುತ್ತಿದ್ದೇವೆ.

ಇನ್ನು 1,500 ರೂಪಾಯಿಯ ಸೇವೆ. ಬೋರಿಕ್ ಉಪಾಯಕ್ಕೆ ಮೊದಲು, ಸ್ಪ್ರೇಯಿಂದ ಮೂರು ಸಾಲಾದ ದಿನಗಳಲ್ಲಿ, ಒಂದು ಸಂಸ್ಥೆಗೆ ಫೋನ್ ಮಾಡಿದ್ದೆ, ಹೆಸರು ಬೇಡ. ಬಂದ ಹುಡುಗ ವಿನಯವಂತ. ಪಾತ್ರೆಗಳನ್ನೆಲ್ಲ ಹೊರಗಿಡಲು ಹೇಳಿ, ಬೆನ್ನಿನ ಪಂಪಿನಿಂದ ಅಡುಗೆಮನೆಯ ಕಟ್ಟೆ, ಕಪಾಟು, ಬಾಗಿಲಿನ ಅಂಚುಗಳಿಗೆಲ್ಲ ಔಷಧಿ ಹೊಡೆದು ಇಪ್ಪತ್ತು ನಿಮಿಷದಲ್ಲಿ ಮುಗಿಸಿದ. ಯಾವ ಇರುವೆ ಎಂದು ಅವನೂ ನೋಡಲಿಲ್ಲ. ಹನ್ನೊಂದನೆಯ ದಿನ ಬಚ್ಚಲುಮನೆಯಲ್ಲಿ ಸಾಲು ಮತ್ತೆ ಬಂದಾಗ ಫೋನ್ ಮಾಡಿ, ಮೂರು ತಿಂಗಳ ಗ್ಯಾರಂಟಿ ಇದೆಯಲ್ಲ ಎಂದು ಕೇಳಿದೆ. ‘ಮೇಡಂ, ಗ್ಯಾರಂಟಿ ಜಿರಳೆಗೆ, ಇರುವೆಗೆ ಕೊಡೋಕಾಗಲ್ಲ’ ಎಂಬ ಉತ್ತರ ಬಂದಿತು. ಮಾತು ಪ್ರಾಮಾಣಿಕವಾದದ್ದೇ, ಹಣ ತೆಗೆದುಕೊಳ್ಳುವ ಮೊದಲು ಹೇಳಿದ್ದರೆ ಇನ್ನಷ್ಟು ಮೆಚ್ಚುತ್ತಿದ್ದೆ. ಅವರು ಹೊಡೆದದ್ದು ನನ್ನ ಡಬ್ಬಿಯಲ್ಲಿದ್ದ ಗುಂಪಿನ ಔಷಧಿಯನ್ನೇ, ಪ್ರಮಾಣ ಮಾತ್ರ ದೊಡ್ಡದು.

ಇಂತಹ ಸೇವೆಯನ್ನು ಕರೆಸುವವರು ಫೋನಿನಲ್ಲಿಯೇ ಮೂರು ಪ್ರಶ್ನೆ ಕೇಳುವುದು ಒಳ್ಳೆಯದೆಂದು ಈಗ ನನಗೆ ಅನಿಸುತ್ತದೆ. ಬಂದವರು ಮೊದಲು ಇರುವೆಯನ್ನು ಗುರುತಿಸುತ್ತಾರೆಯೇ? ಹೊಡೆಯುವ ಔಷಧಿಯ ಬದಲು ತಿನ್ನಿಸುವ ಔಷಧಿ ಇಡುತ್ತಾರೆಯೇ? ಬಳಸುವ ಡಬ್ಬಿಯ ಚೀಟಿಯನ್ನು ತೋರಿಸುತ್ತಾರೆಯೇ? 1968ರ ಕೀಟನಾಶಕ ಕಾಯ್ದೆಯಂತೆ ಕೀಟನಾಶಕದ ಡಬ್ಬಿಯ ಮೇಲೆ ನೋಂದಣಿ ಸಂಖ್ಯೆ ಇರಬೇಕು, ಮನೆಗಳಿಗೆ ಔಷಧಿ ಹೊಡೆಯುವ ಸಂಸ್ಥೆಗೂ ಪರವಾನಗಿ ಇರಬೇಕು. ಚೀಟಿಯ ಮೇಲಿನ ಬಣ್ಣದ ಗುರುತಿನಲ್ಲಿ ಕೆಂಪು ಎಂದರೆ ಅತಿ ಹೆಚ್ಚು ವಿಷ, ಅದರ ನಂತರ ಕ್ರಮವಾಗಿ ಹಳದಿ, ನೀಲಿ, ಹಸಿರು. ಕೇಳಿದ ಕೂಡಲೇ ಚೀಟಿ ತೋರಿಸುವವರನ್ನು ಕರೆಸಬಹುದು. ಒಂದು ಸಂದರ್ಭದಲ್ಲಂತೂ ತಡಮಾಡದೆ ಕರೆಸಲೇಬೇಕು: ಮೊದಲ ಮಳೆಯ ಸಂಜೆ ಮನೆಯೊಳಗಿನ ಚೌಕಟ್ಟಿನ ಸಂದಿನಿಂದಲೇ ರೆಕ್ಕೆಯ ಹುಳುಗಳು ಹೊರಬಿದ್ದಾಗ. ಸೊಂಟ ಸಣ್ಣಗಿದ್ದು, ಮೀಸೆ ಮೊಣಕೈಯಂತೆ ಬಾಗಿದ್ದು, ಮುಂದಿನ ರೆಕ್ಕೆ ಹಿಂದಿನದಕ್ಕಿಂತ ಉದ್ದವಾಗಿದ್ದರೆ ಅದು ಇರುವೆ. ಸೊಂಟವೇ ಇಲ್ಲದ ಮೈ, ಮಣಿ ಪೋಣಿಸಿದಂತಹ ನೇರ ಮೀಸೆ, ಒಂದೇ ಅಳತೆಯ ನಾಲ್ಕು ರೆಕ್ಕೆ ಇದ್ದರೆ ಅದು ಗೆದ್ದಲು. ಅದಕ್ಕೆ ಜೆಲ್ಲೂ ಬೇಡ ಪಾಕವೂ ಬೇಡ, ತಿಳಿದವರೇ ಬೇಕು.

ಉಳಿದ ಇರುವೆಗಳಿಗೆ ಹಣ ಕೊಟ್ಟು ಏನನ್ನೂ ಕೊಳ್ಳಬೇಕಾಗಿ ಬರಲಿಲ್ಲ. ಗೊದ್ದಗಳು ಮಾವಿನ ಕೊಂಬೆಯ ಮೂಲಕ ಬರುತ್ತಿದ್ದವು. ಸಜ್ಜಾಕ್ಕೆ ತಾಗುತ್ತಿದ್ದ ಕೊಂಬೆಯನ್ನು ಮಾಲೀಕರಿಗೆ ಹೇಳಿ ಕಡಿಸಿದ ವಾರದಲ್ಲೇ ನಿಂತವು. ಅದೇ ಮರದ ಮೇಲಿನ ಕೆಂಜಿಗ ಎಲೆ ಹೊಲಿದು ಅಲ್ಲಿಯೇ ಇದೆ. ಅದನ್ನು ಕೆಣಕುವ ಕಾರಣ ನಮಗಿಲ್ಲ, ಮಲೆನಾಡಿನವರಾಗಿದ್ದರೆ ಈ ಇರುವೆಯಿಂದಲೇ ಮಾಡುವ ಚಗಳಿ ಚಟ್ನಿಯ ನೆನಪಾಗುತ್ತಿತ್ತೋ ಏನೋ. ಜೂನ್ ತಿಂಗಳ ಮಳೆಗೆ ಬಾಲ್ಕನಿಯ ಬಾಗಿಲಿನ ಕೆಳಗಿನಿಂದ ಉದ್ದ ಕಾಲಿನ, ಉದ್ದ ಮೀಸೆಯ ಕಪ್ಪಿರುವೆಗಳು ಒಳಗೆ ನುಗ್ಗಿ, ಸಾಲು ಕಟ್ಟದೆ ಅಡ್ಡಾದಿಡ್ಡಿ ಓಡಾಡಿದವು. ಕ್ರೇಜಿ ಆಂಟ್ ಎಂಬ ಹೆಸರು ಅವುಗಳಿಗೆ ಸುಮ್ಮನೆ ಬಂದದ್ದಲ್ಲ. ಅವು ಜೆಲ್ಲನ್ನು ಕಣ್ಣೆತ್ತಿಯೂ ನೋಡಲಿಲ್ಲ. ಗೂಡು ಹೊರಗೆ, ಕುಂಡಗಳ ಕೆಳಗಿನ ತರಗೆಲೆಯಲ್ಲಿತ್ತು. ಅದನ್ನು ಗುಡಿಸಿ, ಕುಂಡಗಳನ್ನು ಇಟ್ಟಿಗೆಯ ಮೇಲೆ ಏರಿಸಿ, ಹೊಸ್ತಿಲಿನ ಬಿರುಕಿಗೆ ಬಿಳಿ ಸಿಮೆಂಟ್ ತುಂಬಿಸಿದ್ದಷ್ಟೇ ಮದ್ದಾಯಿತು.

ಹಾಲಿನ ಪಾತ್ರೆಯನ್ನು ನೀರಿನ ತಟ್ಟೆಯಲ್ಲಿಡುವ ಅತ್ತೆಯವರ ಪದ್ಧತಿಗೆ ಮಾತ್ರ ನಾನು ಪೂರ್ತಿ ಅಂಕ ಕೊಡುತ್ತೇನೆ. ತಟ್ಟೆಯ ನೀರಿನ ಮೇಲೆ ಧೂಳಿನ ಪೊರೆ ಕಟ್ಟಿದರೆ ಹಗುರ ಇರುವೆಗಳು ಅದರ ಮೇಲೆಯೇ ನಡೆದು ದಾಟುತ್ತವೆ, ಒಂದು ಹನಿ ಸೋಪಿನ ನೀರು ಬೆರೆಸಿದರೆ ಮುಳುಗುತ್ತವೆ. ಆ ನೀರನ್ನು ದಿನವೂ ಚೆಲ್ಲಬೇಕು, ಇಲ್ಲದಿದ್ದರೆ ಇರುವೆ ಹೋಗಿ ಸೊಳ್ಳೆ ಬರುತ್ತದೆ. ಅರಿಶಿನ, ಲವಂಗ, ನಿಂಬೆಸಿಪ್ಪೆಗಳನ್ನೂ ಇಟ್ಟು ನೋಡಿದ್ದಾಯಿತು. ವಾಸನೆ ಇರುವವರೆಗೆ ಇರುವೆಗಳು ಬಳಸಿಕೊಂಡು ಹೋಗುತ್ತವೆ, ಅಷ್ಟೇ. ಗೂಡಿಗೆ ಅದರಿಂದ ಏನೂ ಆಗುವುದಿಲ್ಲ.

ಸಿರಿಂಜಿನಲ್ಲಿ ಇನ್ನೂ ಅರ್ಧದಷ್ಟು ಜೆಲ್ ಉಳಿದಿದೆ, ಅವಧಿ ಬರುವ ನವೆಂಬರ್‌ವರೆಗಿದೆ. ಮೂತಿಗೆ ಮುಚ್ಚಳ ಹಾಕಿ, ಮೇಲೆ ‘ಇರುವೆ, ವಿಷ’ ಎಂದು ಬರೆದ ಚೀಟಿ ಅಂಟಿಸಿ, ಚಾಕಿನ ಪೊಟ್ಟಣಗಳ ಪಕ್ಕದಲ್ಲಿ ಅಟ್ಟದ ಮೇಲೆ ಇಟ್ಟಿದ್ದೇನೆ. ಮೊನ್ನೆ ದಾಸವಾಳದ ಕುಡಿಯಲ್ಲಿ ಮತ್ತೆ ಎರಡು ಬಿಳಿ ಚುಕ್ಕೆಗಳು ಕಂಡವು. ಈ ಸಲ ಅಂಗಡಿಗೆ ಹೋಗಲಿಲ್ಲ, ಕತ್ತರಿ ತೆಗೆದುಕೊಂಡು ಬಾಲ್ಕನಿಗೆ ಹೋದೆ.